ಎಲೆಯಂಥ ಹುಳು, ಏಣಿಯಂಥ ನರ

ಭತ್ತದ ಕೊಯ್ಲು ಮುಗಿದು ಸಂಕ್ರಾಂತಿ ಕಳೆದ ಮೇಲೆ ಹೊಳೆನರಸೀಪುರದ ಸುತ್ತಣ ಗದ್ದೆಬಯಲಿಗೆ ದನಗಳನ್ನು ಬಿಡುವುದು ಹಿಂದಿನಿಂದ ನಡೆದುಬಂದ ರೂಢಿ. ಕೂಳೆಯ ನಡುವೆ ಇನ್ನೂ ಹಸಿರು ಉಳಿದಿರುತ್ತದೆ. ನಾಲೆಯ ಬದಿಯಲ್ಲಿ, ನೀರು ನಿಂತ ತಗ್ಗುಗಳಲ್ಲಿ ಎಳೆಯ ಹುಲ್ಲು ಸೊಂಪಾಗಿ ಎದ್ದಿರುತ್ತದೆ. ದನ ಹೊಟ್ಟೆತುಂಬ ಮೇಯುತ್ತದೆ. ನೋಡುವ ರೈತನ ಕಣ್ಣು ತಣಿಯುತ್ತದೆ. ಆದರೆ ಯುಗಾದಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಅದೇ ಹಸುವಿನ ಮೈ ಸೊರಗತೊಡಗುತ್ತದೆ. ಕೂದಲು ಒರಟಾಗುತ್ತದೆ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ, ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಬಾವು ಇಳಿಬೀಳುತ್ತದೆ. ಹಾಲು ಇಳಿದುಹೋಗುತ್ತದೆ. ದನದ ಆಸ್ಪತ್ರೆಯ ಮುಂದೆ ಹಸುವನ್ನು ಹಿಡಿದು ನಿಂತ ರೈತನ ಮಾತು ಸಾಮಾನ್ಯವಾಗಿ ಒಂದೇ: "ಹುಲ್ಲೂ ತಿಂತದೆ, ಹಿಂಡೀನೂ ತಿಂತದೆ, ಮೈಗೆ ಮಾತ್ರ ಹತ್ತಾಕಿಲ್ಲ ಡಾಕ್ಟ್ರೇ."

ಹತ್ತದಿರುವುದಕ್ಕೆ ಕಾರಣ ಹಸುವಿನ ಯಕೃತ್ತಿನಲ್ಲಿದೆ. ಹಳ್ಳಿಯ ಮಾತಿನಲ್ಲಿ ಅದು ಈಲಿ. ಇಂಥ ರೋಗದಿಂದ ಸತ್ತ ದನದ ಈಲಿಯನ್ನು ಕೊಯ್ದು ನೋಡಿದರೆ ಪಿತ್ತನಾಳಗಳು ಬಿಳಿಯ ಕೊಳವೆಗಳಂತೆ ದಪ್ಪಗಾಗಿರುತ್ತವೆ. ಸುಣ್ಣದ ಅಂಶ ಕೂಡಿಕೊಂಡು ಕತ್ತಿಗೆ ಕರಕರನೆ ಸಿಗುವುದೂ ಉಂಟು. ನಾಳವನ್ನು ಬೆರಳಿನಿಂದ ಒತ್ತಿದರೆ ಕಂದುಬಣ್ಣದ, ಉದ್ದನೆಯ, ಚಪ್ಪಟೆಯಾದ ಎಲೆಯಂಥದೊಂದು ಹೊರಕ್ಕೆ ಜಾರುತ್ತದೆ. ಬೆಚ್ಚನೆಯ ಉಪ್ಪುನೀರಿನಲ್ಲಿ ಹಾಕಿದರೆ ಆ ಎಲೆ ನಿಧಾನವಾಗಿ ಸುರುಟಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಅದೇ ಯಕೃತ್ತಿನ ಚಪ್ಪಟೆಹುಳು. ಎರಡೂವರೆಯಿಂದ ಏಳೂವರೆ ಸೆಂಟಿಮೀಟರಿನವರೆಗೆ ಬೆಳೆಯುವ ಈ ಜಾತಿಗೆ ಪ್ರಾಣಿಶಾಸ್ತ್ರಜ್ಞರು ಕೊಟ್ಟ ಹೆಸರು ಫ್ಯಾಸಿಯೋಲ ಜೈಗಾಂಟಿಕ. ಕಾಬೋಲ್ಡ್ ಎಂಬ ಆಂಗ್ಲ ವಿದ್ವಾಂಸನು ೧೮೫೫ರಲ್ಲಿ ಇದನ್ನು ಮೊದಲು ವರ್ಣಿಸಿದ್ದು ದನದಿಂದಲ್ಲ, ಒಂದು ಜಿರಾಫೆಯ ಯಕೃತ್ತಿನಿಂದ. ಇದರ ಸೋದರಜಾತಿಯಾದ ಯೂರೋಪಿನ ಕುರಿಗಳ ಹುಳುವಿಗೆ ಇನ್ನೂ ಹಳೆಯ ಇತಿಹಾಸವಿದೆ. ಫ್ರಾನ್ಸಿನ ಜಾನ್ ದ ಬ್ರೀ ಎಂಬಾತ ೧೩೭೯ರಲ್ಲಿ ಕುರಿ ಕಾಯುವವರಿಗಾಗಿ ಬರೆದ ಗ್ರಂಥದಲ್ಲಿ ಅದರ ಮಾತು ಬರುತ್ತದೆ.

ಹುಳುವನ್ನು ಕಂಡು ಐನೂರು ವರ್ಷ ಕಳೆದರೂ ಅದು ಕುರಿಯ ಹೊಟ್ಟೆಗೆ ಹೋಗುವ ದಾರಿ ಮಾತ್ರ ಯಾರಿಗೂ ತಿಳಿದಿರಲಿಲ್ಲ. ಇಂಗ್ಲೆಂಡಿನಲ್ಲಿ ಥಾಮಸ್, ಜರ್ಮನಿಯಲ್ಲಿ ಲ್ಯೂಕಾರ್ಟ್ ಎಂಬ ಇಬ್ಬರು ಬೇರೆಬೇರೆಯಾಗಿ ದುಡಿದು ೧೮೮೦ರ ದಶಕದ ಮೊದಲ ವರ್ಷಗಳಲ್ಲಿ ಆ ದಾರಿಯನ್ನು ಬಿಡಿಸಿದರು. ಸಗಣಿಯೊಡನೆ ಹೊರಬಿದ್ದ ಮೊಟ್ಟೆ ನೀರಿಗೆ ಸೇರಿ ಮರಿಯಾಗುತ್ತದೆ. ಮೈಯೆಲ್ಲ ರೋಮವುಳ್ಳ ಆ ಮರಿ ಒಂದು ದಿನದೊಳಗೆ ತಕ್ಕ ಬಸವನಹುಳುವೊಂದನ್ನು ಹುಡುಕಿ ಅದರ ಮೈಯನ್ನು ಕೊರೆದು ಒಳಹೊಗಬೇಕು, ಇಲ್ಲವಾದರೆ ಸಾಯಬೇಕು. ಬಸವನಹುಳುವಿನೊಳಗೆ ಒಂದು ನೂರಾಗಿ, ಬಾಲವುಳ್ಳ ಮರಿಗಳ ರೂಪದಲ್ಲಿ ಮತ್ತೆ ನೀರಿಗೆ ಬರುತ್ತದೆ. ಹುಲ್ಲಿಗೋ ಭತ್ತದ ಬುಡಕ್ಕೋ ಅಂಟಿ, ಬಾಲವನ್ನು ಉದುರಿಸಿ, ಸುತ್ತಲೂ ಕೋಶ ಕಟ್ಟಿಕೊಂಡು ದನದ ಬಾಯಿಗಾಗಿ ಕಾಯುತ್ತದೆ. ಮೇವಿನೊಡನೆ ಒಳಗೆ ಹೋದ ಮೇಲೆ ಕರುಳನ್ನು ತೂರಿ, ಹೊಟ್ಟೆಯ ಪೊಳ್ಳನ್ನು ದಾಟಿ, ಯಕೃತ್ತನ್ನು ಕೊರೆದುಕೊಂಡು ಅಲೆದು, ಕೊನೆಗೆ ಪಿತ್ತನಾಳವನ್ನು ಸೇರುತ್ತದೆ. ಸಂಕ್ರಾಂತಿಯಲ್ಲಿ ತಿಂದದ್ದು ಯುಗಾದಿಯ ಮೇಲೆ ಕಾಣಿಸಿಕೊಳ್ಳುವುದು ಈ ಪ್ರಯಾಣ ಹಾಗೂ ಬೆಳವಣಿಗೆಗೆ ಹಿಡಿಯುವ ಮೂರು ನಾಲ್ಕು ತಿಂಗಳ ಕಾಲದಿಂದ.

ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಪೂರ್ಣಗೊಂಡಿತು. ಅದಕ್ಕೆ ಬಹು ಹಿಂದೆಯೂ ಈ ಸೀಮೆಯಲ್ಲಿ ಅಣೆಗಳು, ನಾಲೆಗಳು, ಕೆರೆಗಳು ಇದ್ದವು. ಬತ್ತದೆ ನಿಲ್ಲುವ ತೆಳುನೀರು ಭತ್ತಕ್ಕೆ ಬೇಕು. ಬಸವನಹುಳುವಿಗೂ ಅದೇ ಬೇಕು. ನೀರು ಕೊಟ್ಟ ವರದ ಜೊತೆಗೆ ಈ ಒಂದು ತೊಂದರೆಯೂ ಬಂದು ಕುಳಿತಿದೆ ಎಂದರೆ ನೀರಾವರಿಯನ್ನು ನಿಂದಿಸಿದಂತಾಗದು.

ಕಣ್ಣಿಲ್ಲದ ಪಯಣಿಗ

ಇಷ್ಟು ದೂರದ, ಇಷ್ಟು ತಿರುವುಗಳ ಪ್ರಯಾಣವನ್ನು ಮಾಡಿಸುವ ಶಕ್ತಿ ಯಾವುದು? ಕರುಳಿನಲ್ಲಿ ಕಣ್ದೆರೆದ ಮರಿ ಶ್ವಾಸಕೋಶದ ಕಡೆಗೋ ಮೂತ್ರಪಿಂಡದ ಕಡೆಗೋ ಹೋಗದೆ ಯಕೃತ್ತನ್ನೇ ಅರಸುವುದು ಹೇಗೆ? ಒಮ್ಮೊಮ್ಮೆ ದಾರಿತಪ್ಪಿ ಶ್ವಾಸಕೋಶದಲ್ಲಿ ಸಿಕ್ಕಿಬೀಳುವುದುಂಟು ಎಂಬುದೇನೋ ನಿಜ. ಆದರೆ ಬಹುಪಾಲು ಮರಿಗಳು ದಾರಿತಪ್ಪುವುದಿಲ್ಲ. ನೀರಿನಲ್ಲಿ ಈಜುವ ಮರಿಗೆ ಎರಡು ಕಣ್ಬೊಟ್ಟುಗಳಿದ್ದು, ಬೆಳಕಿನ ದಿಕ್ಕು ತಿಳಿಯುತ್ತದೆ. ಬೆಳೆದ ಹುಳುವಿಗೆ ಅವೂ ಇಲ್ಲ. ಪಿತ್ತನಾಳದ ಕತ್ತಲೆಯಲ್ಲಿ ಕಣ್ಣು ಇದ್ದು ಮಾಡುವುದಾದರೂ ಏನು! ಕಿವಿಯಿಲ್ಲ, ರಕ್ತನಾಳಗಳಿಲ್ಲ, ಹೃದಯವಿಲ್ಲ. ಅಂಗಾಂಗಗಳ ನಡುವೆ ಪೊಳ್ಳೆಂಬುದೂ ಇಲ್ಲ. ಆದರೆ ನರಮಂಡಲವಿದೆ.

ಪದವಿ ತರಗತಿಯ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಅದರ ಚಿತ್ರವನ್ನು ಒಮ್ಮೆಯಾದರೂ ಬರೆದೇ ಇರುತ್ತಾರೆ. ಬಾಯಿಯ ಹೀರುಬಟ್ಟಲಿನ ಹಿಂದೆ, ಗಂಟಲಿನ ಎರಡು ಪಕ್ಕಗಳಲ್ಲಿ ಒಂದೊಂದು ನರಗಂಟು. ಅವೆರಡನ್ನೂ ಕೂಡಿಸುವ ಒಂದು ಅಡ್ಡಪಟ್ಟಿ. ಇಷ್ಟೇ ಅದರ ಮಿದುಳು. ಈ ಗಂಟುಗಳಿಂದ ಮುಂದಕ್ಕೆ ಸಣ್ಣ ನರಗಳು ಬಾಯಿಯ ಕಡೆಗೆ ಹೋದರೆ, ಹಿಂದಕ್ಕೆ ಉದ್ದನೆಯ ನರಹುರಿಗಳು ಜೊತೆಜೊತೆಯಾಗಿ ಸಾಗುತ್ತವೆ: ಬೆನ್ನಿನ ಬದಿಗೆ ಒಂದು ಜೊತೆ, ಪಕ್ಕಗಳಲ್ಲಿ ಒಂದು ಜೊತೆ, ಹೊಟ್ಟೆಯ ಬದಿಗೆ ಎಲ್ಲಕ್ಕಿಂತ ದಪ್ಪನೆಯ ಇನ್ನೊಂದು ಜೊತೆ. ಉದ್ದಕ್ಕೂ ಅಲ್ಲಲ್ಲಿ ಅಡ್ಡನರಗಳು ಈ ಹುರಿಗಳನ್ನು ಒಂದಕ್ಕೊಂದು ಬಿಗಿದಿರುತ್ತವೆ. ಹುಲ್ಲಿನ ಬಣವೆಗೆ ಒರಗಿಸಿಟ್ಟ ಬಿದಿರೇಣಿಯನ್ನು ನೆನೆದರೆ ಸಾಕು, ಚಿತ್ರ ಕಣ್ಣಿಗೆ ಕಟ್ಟುತ್ತದೆ. ರೈಸಿಂಗರ್ ಎಂಬ ವಿದ್ವಾಂಸನು ೧೯೨೫ರಲ್ಲಿ ಈ ಚೌಕಳಿಯಂಥ ರಚನೆಗೆ ಆರ್ಥೊಗನ್ ಎಂದು ಹೆಸರಿಟ್ಟನು.

ಆದರೆ ಒಂದು ಮಾತು. ವಿದ್ಯಾರ್ಥಿಗೆ ಸೂಕ್ಷ್ಮದರ್ಶಕದ ಕೆಳಗೆ ಕೊಡುವ ಹುಳುವಿನ ಗಾಜುಪಟ್ಟಿಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಈ ಏಣಿ ಕಾಣುವುದಿಲ್ಲ. ಕಾರ್ಮೈನ್ ಎಂಬ ಕೆಂಪುಬಣ್ಣದಲ್ಲಿ ಅದ್ದಿದ ಹುಳುವಿನಲ್ಲಿ ಕರುಳಿನ ಕವಲುಗಳು, ಮೊಟ್ಟೆಗಳ ಚೀಲ, ಬೀಜಕೋಶಗಳು ಢಾಳಾಗಿ ಕಾಣುತ್ತವೆ. ನರಗಳು ಮಾತ್ರ ಹಿನ್ನೆಲೆಯಲ್ಲಿ ಕರಗಿಹೋಗುತ್ತವೆ. ವಿದ್ಯಾರ್ಥಿ ಪಠ್ಯಪುಸ್ತಕದ ಚಿತ್ರವನ್ನು ನೋಡಿಕೊಂಡು ಏಣಿಯನ್ನು ಬರೆದು ಅಂಕ ಪಡೆಯುತ್ತಾನೆ. ಮೊದಲು ಆ ಚಿತ್ರ ಬರೆದವರು ಬೆಳ್ಳಿಯ ಲವಣಗಳಿಂದಲೋ ಮೆಥಿಲೀನ್ ನೀಲಿಯಿಂದಲೋ ಬಣ್ಣ ಕಟ್ಟಿ, ತೆಳುಸೀಳುಗಳನ್ನು ಒಂದೊಂದಾಗಿ ಜೋಡಿಸಿ, ಕಣ್ಣು ನೋಯಿಸಿಕೊಂಡು ಅದನ್ನು ಕಂಡವರು. ಏಣಿ ಇಡಿಯಾಗಿ, ಸ್ಪಷ್ಟವಾಗಿ ಕಾಣಿಸಿಕೊಂಡದ್ದು ಇಪ್ಪತ್ತನೆಯ ಶತಮಾನದ ನಡುಭಾಗದ ಮೇಲೆ. ಅದನ್ನು ಕಾಣಿಸಿದ್ದು ಬಣ್ಣವಲ್ಲ, ಹುಳುವಿನೊಳಗೇ ಇರುವ ಒಂದು ಕಿಣ್ವ.

ಕಿಣ್ವ ಬಿಡಿಸಿದ ಚಿತ್ರ

ನರದಿಂದ ಸ್ನಾಯುವಿಗೆ ಆಜ್ಞೆ ತಲುಪುವುದು ರಾಸಾಯನಿಕ ವಸ್ತುಗಳ ಮೂಲಕ ಎಂಬುದನ್ನು ೧೯೨೧ರಲ್ಲಿ ಆಟ್ಟೋ ಲೋವಿ ಕಪ್ಪೆಯ ಹೃದಯದ ಮೇಲೆ ನಡೆಸಿದ ಪ್ರಯೋಗದಿಂದ ತೋರಿಸಿಕೊಟ್ಟನು. ಅಂಥ ವಸ್ತುಗಳಲ್ಲಿ ಪ್ರಸಿದ್ಧವಾದುದು ಅಸಿಟೈಲ್‌ಕೋಲೀನ್. ಗದ್ದೆ ಉಳುವ ಎತ್ತಿನ ತೊಡೆಯ ಸ್ನಾಯು ಬಿಗಿದುಕೊಳ್ಳುವುದು ಅದರ ತುದಿಯಲ್ಲಿರುವ ನರ ಈ ವಸ್ತುವನ್ನು ತೊಟ್ಟಿಕ್ಕಿದಾಗ. ಬಿಗಿದದ್ದು ಸಡಿಲಬೇಕಾದರೆ ಅದೇ ವಸ್ತು ಕೂಡಲೇ ನಾಶವಾಗಬೇಕು. ಆ ನಾಶಕಾರ್ಯವನ್ನು ಮಾಡುವ ಕಿಣ್ವವೇ ಕೋಲೀನ್‌ಎಸ್ಟರೇಸ್. ಇದು ಇರುವುದು ಮುಖ್ಯವಾಗಿ ನರಗಳಿರುವ ಕಡೆ. ಆದುದರಿಂದ ಈ ಕಿಣ್ವ ಎಲ್ಲಿದೆಯೆಂದು ಗುರುತಿಸಿದರೆ ನರ ಎಲ್ಲಿದೆಯೆಂದು ಗುರುತಿಸಿದಂತೆಯೇ.

ಕೆಲ್ಲೆ ಮತ್ತು ಫ್ರೀಡನ್‌ವಾಲ್ಡ್ ಎಂಬುವರು ೧೯೪೯ರಲ್ಲಿ ಇದಕ್ಕೊಂದು ಜಾಣತನದ ಉಪಾಯ ಕಂಡುಹಿಡಿದರು; ೧೯೬೪ರಲ್ಲಿ ಕಾರ್ನೋವ್‌ಸ್ಕಿ ಮತ್ತು ರೂಟ್ಸ್ ಅದನ್ನು ಇನ್ನಷ್ಟು ಸುಲಭಗೊಳಿಸಿದರು. ಅಸಿಟೈಲ್‌ಕೋಲೀನನ್ನು ಹೋಲುವ, ಆದರೆ ಒಳಗೆ ಗಂಧಕದ ಪರಮಾಣುವನ್ನು ಬಚ್ಚಿಟ್ಟ ಒಂದು ಕಳ್ಳವಸ್ತುವನ್ನು ತಾಮ್ರದ ಲವಣ ಮುಂತಾದವುಗಳೊಡನೆ ಕಲಸಿ, ಆ ದ್ರವದಲ್ಲಿ ಹುಳುವನ್ನು ಮುಳುಗಿಸುವುದು. ಕಿಣ್ವಕ್ಕೆ ಅಸಲು ನಕಲು ತಿಳಿಯದು. ತನ್ನ ನಿತ್ಯದ ಆಹಾರವೇ ಬಂತೆಂದು ಅದು ನಕಲನ್ನೂ ಕತ್ತರಿಸುತ್ತದೆ. ಕತ್ತರಿಸಿದೊಡನೆ ಹೊರಬಿದ್ದ ಗಂಧಕದ ಭಾಗದಿಂದ ಸರಪಳಿಯಂತೆ ಕ್ರಿಯೆಗಳು ನಡೆದು, ಅದೇ ಜಾಗದಲ್ಲಿ ಕಂದುಬಣ್ಣದ ತಾಮ್ರದ ಲವಣ ಕೂಡಿಕೊಳ್ಳುತ್ತದೆ. ಕಿಣ್ವ ತನ್ನ ಇರವನ್ನು ತಾನೇ ಬರೆದು ತೋರಿಸುತ್ತದೆ.

ಹಾಸನದಲ್ಲಿ ಈಗ ಪಶುವೈದ್ಯಕೀಯ ಕಾಲೇಜೊಂದಿದೆ. ವಿಜ್ಞಾನದ ಕಾಲೇಜುಗಳಿವೆ. ಅಂಥ ಕಡೆಯ ವಿದ್ಯಾರ್ಥಿಯೊಬ್ಬ ಈ ಪ್ರಯೋಗವನ್ನು ಮಾಡಬಯಸಿದರೆ ಬೇಕಾಗುವ ಮುಖ್ಯ ಸಾಮಗ್ರಿ ಮಾಂಸದಂಗಡಿಯವನು ಎತ್ತಿ ಎಸೆಯುವ ರೋಗದ ಈಲಿ. ಜೀವಂತ ಹುಳುವನ್ನು ಉಪ್ಪುನೀರಿನಲ್ಲಿ ತೊಳೆದು, ಎರಡು ಗಾಜಿನ ಪಟ್ಟಿಗಳ ನಡುವೆ ಮೆಲ್ಲಗೆ ಒತ್ತಿ ಚಪ್ಪಟೆ ಮಾಡಿ, ತಣ್ಣನೆಯ ಫಾರ್ಮಲಿನ್ನಿನಲ್ಲಿ ಸ್ಥಿರಗೊಳಿಸಬೇಕು. ಬಿಸಿಯಾದರೆ ಕಿಣ್ವ ಕೆಡುತ್ತದೆ. ಆಮೇಲೆ ಆ ದ್ರವದಲ್ಲಿ ಬಿಟ್ಟು ಕಾಯುವುದು. ಕಾದಷ್ಟೂ ಮಸುಕಾದ ಹಳದಿಯ ಎಲೆಯ ಮೇಲೆ ಕಂದುಗೆರೆಗಳು ಮೂಡತೊಡಗುತ್ತವೆ. ಮೊದಲು ಎರಡು ನರಗಂಟುಗಳು ಮತ್ತು ಅವನ್ನು ಕೂಡಿಸುವ ಪಟ್ಟಿ. ಬಳಿಕ ಹೊಟ್ಟೆಯ ಬದಿಯ ದಪ್ಪ ಹುರಿಗಳು. ಆಮೇಲೆ ಒಂದೊಂದಾಗಿ ಏಣಿಯ ಮೆಟ್ಟಿಲುಗಳು. ಎರಡು ಹೀರುಬಟ್ಟಲುಗಳ ಸುತ್ತಲೂ ನರಗಳ ದಟ್ಟವಾದ ಬಲೆ ಕಾಣುತ್ತದೆ. ಮೊಟ್ಟೆ ಸಿದ್ಧವಾಗುವ ಕೋಣೆ, ಅದರಿಂದ ಹೊರಡುವ ನಾಳ ಇವುಗಳ ಸುತ್ತ ಇನ್ನೊಂದು ಬಲೆ. ಹಿಡಿದುಕೊಳ್ಳುವುದು ಮತ್ತು ಮೊಟ್ಟೆಯಿಡುವುದು, ಈ ಹುಳುವಿನ ಬಾಳಿನ ಎರಡು ಮುಖ್ಯ ಕಸುಬುಗಳು ಯಾವುವೆಂಬುದು ನರಗಳ ಹಂಚಿಕೆಯಿಂದಲೇ ತಿಳಿದುಹೋಗುತ್ತದೆ.

ಇಲ್ಲಿ ಮೋಸಹೋಗುವ ಸಂಭವವೂ ಇದೆ. ಕರುಳಿನ ಗೋಡೆಯಲ್ಲಿ, ಹೊರಚರ್ಮದಲ್ಲಿ ಬೇರೆ ಕುಲದ ಎಸ್ಟರೇಸುಗಳೂ ಇದ್ದು, ಬಣ್ಣ ಅಲ್ಲಿಯೂ ತುಸು ಹತ್ತಬಹುದು. ಅದಕ್ಕಾಗಿ ಇನ್ನೊಂದು ಹುಳುವನ್ನು ಆಫ್ರಿಕದ ಕ್ಯಾಲಬಾರ್ ಹುರುಳಿಯಿಂದ ತೆಗೆದ ಎಸೆರೀನ್ ಎಂಬ ವಿಷದಲ್ಲಿ ಮೊದಲು ನೆನೆಸಿ ಪರೀಕ್ಷಿಸುತ್ತಾರೆ. ಆ ವಿಷ ಕೋಲೀನ್‌ಎಸ್ಟರೇಸನ್ನು ಸ್ತಂಭನಗೊಳಿಸುವುದರಿಂದ ಅಸಲಿನ ನರ ಆ ಹುಳುವಿನಲ್ಲಿ ಬಣ್ಣ ಪಡೆಯುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವನೇ ನರದ ವಿಷಯದಲ್ಲಿ ಮಾತಾಡಲು ಅರ್ಹ.

ದೇಹದ ಬೇರೆ ಬೇರೆ ಭಾಗಗಳಲ್ಲಿ ಬೇರೆ ಬೇರೆ ಕಿಣ್ವಗಳು ನೆಲೆಸಿರುವುದನ್ನು ಹೀಗೆಯೇ ಬಣ್ಣದಿಂದ ಪತ್ತೆಹಚ್ಚಿದ್ದಾರೆ. ಆಹಾರ ಅರಗುವ ಕರುಳಿನ ಕೋಶಗಳಲ್ಲಿ ಆಮ್ಲ ಫಾಸ್ಫಟೇಸ್ ಹೇರಳ. ಕರುಳೇ ಇಲ್ಲದೆ ಮೈಚರ್ಮದಿಂದಲೇ ಉಣ್ಣುವ ಲಾಡಿಹುಳುವಿನಲ್ಲಿ ಫಾಸ್ಫಟೇಸುಗಳು ಚರ್ಮದಲ್ಲಿಯೇ ಬೀಡುಬಿಟ್ಟಿವೆ. ಭಾರತದಲ್ಲಿಯೂ ಇಂಥ ಕೆಲಸ ನಡೆದಿದೆ. ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದ ಶ್ಯಾಮಸುಂದರಿ ಮತ್ತು ಹನುಮಂತರಾವ್ ಅವರು ೧೯೭೫ರಲ್ಲಿ ಪ್ರಕಟಿಸಿದ ಅಧ್ಯಯನ ಈ ಜೈಗಾಂಟಿಕದ ಮತ್ತು ಅದರ ಸೋದರಜಾತಿಯ ನರಸ್ರಾವಕ ಕೋಶಗಳನ್ನು ಕುರಿತದ್ದು. ರಕ್ತವಿಲ್ಲದ ಪ್ರಾಣಿಯಲ್ಲಿ ಹಾರ್ಮೋನುಗಳನ್ನು ಹೊತ್ತು ಹಂಚುವವರು ಯಾರು? ನರಗಳೇ ಆ ಕೆಲಸವನ್ನೂ ಹೊತ್ತಿವೆ. ಈಲಿಯ ಹುಳುವಿನ ಏಣಿ ಬರಿಯ ತಂತಿಯಲ್ಲ, ಕಾಲುವೆಯೂ ಹೌದು.

ಒಂದೇ ವಸ್ತು, ಎರಡು ಅರ್ಥ

ಎತ್ತಿನಲ್ಲಿಯೂ ಎತ್ತಿನ ಈಲಿಯ ಹುಳುವಿನಲ್ಲಿಯೂ ಅಸಿಟೈಲ್‌ಕೋಲೀನ್ ಇದೆ, ಅದನ್ನು ನಾಶಮಾಡುವ ಕಿಣ್ವವೂ ಇದೆ ಎಂದಾಗ ಎರಡರ ನರವ್ಯಾಪಾರವೂ ಒಂದೇ ಬಗೆಯದೆಂದು ತೋರುವುದು ಸಹಜ. ಸೋಜಿಗವಿರುವುದು ಇಲ್ಲಿಯೇ. ಎತ್ತಿನ ಕಾಲಿನ ಸ್ನಾಯುವನ್ನು ಬಿಗಿಯುವ ಅದೇ ವಸ್ತು ಹುಳುವಿನ ಸ್ನಾಯುವನ್ನು ಸಡಿಲಿಸುತ್ತದೆ. ಒಬ್ಬನಿಗೆ "ಹೂಡು" ಎಂದು ಕೇಳಿಸುವ ಮಾತು ಇನ್ನೊಬ್ಬನಿಗೆ "ಬಿಡು" ಎಂದು ಕೇಳಿಸಿದಂತೆ. ಇದರ ಒಳಗುಟ್ಟು ೨೦೧೪ರಲ್ಲಿ, ರಕ್ತನಾಳದಲ್ಲಿ ವಾಸಿಸುವ ಚಪ್ಪಟೆಹುಳುವೊಂದರಲ್ಲಿ ಬಯಲಾಯಿತು. ಅಸಿಟೈಲ್‌ಕೋಲೀನ್ ಬಡಿದಾಗ ಎತ್ತಿನ ಸ್ನಾಯುವಿನಲ್ಲಿ ತೆರೆಯುವ ಬಾಗಿಲಿನಿಂದ ಸೋಡಿಯಂ ಒಳನುಗ್ಗುತ್ತದೆ. ಹುಳುವಿನಲ್ಲಿ ಕ್ಲೋರೈಡನ್ನು ಒಳಬಿಡುವ ಬೇರೊಂದು ಬಗೆಯ ಬಾಗಿಲುಗಳಿವೆ. ಸೋಡಿಯಂ ಕೆರಳಿಸುತ್ತದೆ, ಕ್ಲೋರೈಡ್ ತಣಿಸುತ್ತದೆ.

ಹಾಗಾದರೆ ಹುಳುವನ್ನು ಚಲಿಸುವಂತೆ ಮಾಡುವುದು ಯಾವುದು? ಈಜಿಪ್ಟಿನಿಂದ ಅಮೆರಿಕೆಗೆ ಹೋಗಿ ನೆಲೆಸಿದ ತಾಗ್ ಮನ್ಸೂರ್ ಎಂಬ ವಿಜ್ಞಾನಿ ಯೂರೋಪಿನ ಜಾತಿಯ ಈಲಿಹುಳುವನ್ನು ಸಣ್ಣ ಪಾತ್ರೆಯಲ್ಲಿ ತೂಗುಹಾಕಿ, ಅದರ ಸುರುಟುವಿಕೆಯನ್ನು ಮಸಿಹಿಡಿದ ಉರುಳೆಯ ಮೇಲೆ ಗೀಚಿಸುತ್ತಿದ್ದ ಕಾಲ ಅದು. ೧೯೫೭ರಲ್ಲಿ ಪ್ರಕಟವಾದ ಆತನ ಫಲಿತಾಂಶದಂತೆ, ಸಿರೋಟೊನಿನ್ ಎಂಬ ವಸ್ತುವನ್ನು ಸೇರಿಸಿದ ಕೂಡಲೇ ಹುಳು ಚುರುಕಾಗಿ ತಾಳಬದ್ಧವಾಗಿ ಕುಣಿಯತೊಡಗುತ್ತದೆ. ಮನುಷ್ಯನಿಗೆ ಭ್ರಮೆ ಹಿಡಿಸುವ ಎಲ್‌ಎಸ್‌ಡಿ ಹಾಕಿದರೂ ಕುಣಿಯುತ್ತದೆ. ಹುಳುವಿಗೂ ಏನಾದರೂ ಭ್ರಮೆ ಆವರಿಸುತ್ತದೆಯೇ ಎಂದು ವಿಜ್ಞಾನಿಗಳು ಕೇಳಿಕೊಂಡಂತಿಲ್ಲ. ಕುಣಿತಕ್ಕೆ ಬೇಕಾದ ಶಕ್ತಿಗಾಗಿ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೂ ಸಿರೋಟೊನಿನ್ನೇ ಎಚ್ಚರಿಸುತ್ತದೆ ಎಂಬುದನ್ನು ಆತ ಆಮೇಲೆ ತೋರಿಸಿದನು.

ಈ ಸೂಕ್ಷ್ಮಗಳನ್ನು ತಿಳಿದು ರೈತನಿಗೇನು ಎಂದು ಕೇಳುವವರುಂಟು. ಹಾಸನದ ಸುತ್ತಲಿನ ಆಲೂಗಡ್ಡೆಯ ಹೊಲಗಳೇ ಅದಕ್ಕೆ ಉತ್ತರ ಹೇಳಬಲ್ಲವು. ಬೆಳೆಗೆ ಸಿಂಪಡಿಸುವ ಕೀಟನಾಶಕಗಳಲ್ಲಿ ರಂಜಕದ ಬಳಗಕ್ಕೆ ಸೇರಿದವು ಕೊಲ್ಲುವುದು ಈ ಕೋಲೀನ್‌ಎಸ್ಟರೇಸನ್ನು ಕಟ್ಟಿಹಾಕಿಯೇ. ಮುಖಕ್ಕೆ ಬಟ್ಟೆಯನ್ನೂ ಸುತ್ತಿಕೊಳ್ಳದೆ, ಗಾಳಿಗೆ ಎದುರಾಗಿ ಸಿಂಪಡಿಸಿದ ಕೂಲಿಯವನಿಗೆ ಜೊಲ್ಲು ಸುರಿದು, ಬೆವರು ಕಿತ್ತು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಉಸಿರು ಕಟ್ಟಿದಾಗ ಆಸ್ಪತ್ರೆಯಲ್ಲಿ ರಕ್ತ ತೆಗೆದು ಅಳೆಯುವುದು ಈ ಬಳಗದ ಕಿಣ್ವದ ಬಲವನ್ನು. ಕೊಡುವುದು ಅಟ್ರೋಪೀನ್ ಚುಚ್ಚುಮದ್ದನ್ನು. ಇದೇ ಬಳಗದ ಮೆಟ್ರಿಫೊನೇಟ್ ಎಂಬ ವಸ್ತು ಮೊದಲು ಕೀಟನಾಶಕವಾಗಿ ಹುಟ್ಟಿ, ಆಮೇಲೆ ಆಫ್ರಿಕದಲ್ಲಿ ಮನುಷ್ಯರ ಮೂತ್ರಕೋಶದ ರಕ್ತನಾಳಗಳಲ್ಲಿ ನೆಲೆಸುವ ಚಪ್ಪಟೆಹುಳುವಿಗೆ ಔಷಧಿಯಾಯಿತು. ಆ ಹುಳುವಿನ ಹೊರಚರ್ಮದ ಮೇಲೆಯೇ ಕೋಲೀನ್‌ಎಸ್ಟರೇಸ್ ಹೆಚ್ಚಾಗಿದೆ. ಕರುಳಿನ ರಕ್ತನಾಳಗಳಲ್ಲಿರುವ ಸೋದರಜಾತಿಯಲ್ಲಿ ಕಡಮೆ. ಅದಕ್ಕೆ ತಕ್ಕಂತೆ ಮದ್ದು ಮೊದಲನೆಯದಕ್ಕೆ ತಾಗಿತು, ಎರಡನೆಯದಕ್ಕೆ ತಾಗಲಿಲ್ಲ. ಕಿಣ್ವ ಇದೆಯೇ ಎಂಬುದಷ್ಟೇ ಅಲ್ಲ, ಎಲ್ಲಿದೆ, ಎಷ್ಟಿದೆ ಎಂಬುದೂ ಔಷಧಿಯ ಗತಿಯನ್ನು ತೀರ್ಮಾನಿಸುತ್ತದೆ. ಹುಳುವಿನ ಕಿಣ್ವವನ್ನು ಕಟ್ಟುವ ಮದ್ದು ರೋಗಿಯ ಕಿಣ್ವವನ್ನೂ ಒಂದಿಷ್ಟು ಕಟ್ಟುತ್ತದೆ ಎಂಬ ಅಳುಕು ಇದ್ದೇ ಇತ್ತು. ಮುಂದೆ ಒಳ್ಳೆಯ ಮದ್ದು ಬಂದಾಗ ಮೆಟ್ರಿಫೊನೇಟ್ ಹಿಂದೆ ಸರಿಯಿತು.

ಕುರಿಹಟ್ಟಿಯಿಂದ ಒಂದು ಅಕ್ಷರ

ಹೊಳೆನರಸೀಪುರದ ಗದ್ದೆಬಯಲನ್ನು ಬಿಟ್ಟು ಚನ್ನರಾಯಪಟ್ಟಣದ ಕಡೆಗೆ ಬಂದರೆ ನೆಲ ಬಯಲುಸೀಮೆಯದಾಗುತ್ತದೆ. ತೆಂಗು, ರಾಗಿ, ಕೆರೆಯಂಗಳದ ಕುರಿಮಂದೆಗಳು. ಇಲ್ಲಿ ಮಾತು ಲಾಡಿಹುಳುವಿನದು. ಕುರಿಮರಿಯ ಕರುಳಿನಲ್ಲಿ ಬೆಳ್ಳನೆಯ ಲಾಡಿಯಂತೆ ಮಾರುಗಟ್ಟಲೆ ಬೆಳೆಯುವ ಮೊನಿಯೇಜಿಯ ಎಂಬ ಹುಳುವಿನಲ್ಲಿ ಏಣಿಗೆ ಇನ್ನೊಂದು ರೂಪ. ತಲೆಯಲ್ಲಿ ಎರಡು ನರಗಂಟುಗಳಿವೆ. ಅಲ್ಲಿಂದ ಹೊರಟ ಎರಡು ಹುರಿಗಳು ಎಲ್ಲ ತುಂಡುಗಳನ್ನೂ ಹಾದು ಬಾಲದವರೆಗೆ ಹೋಗುತ್ತವೆ. ಪ್ರತಿ ತುಂಡಿನಲ್ಲಿಯೂ ಅಡ್ಡನರಗಳು. ತುಂಡು ಕಳಚಿಬಿದ್ದರೆ ಏಣಿಯ ಒಂದು ಭಾಗವೂ ಅದರೊಡನೆ ಹೋಗುತ್ತದೆ. ದನದ ಮಾಂಸದಿಂದ ಮನುಷ್ಯನಿಗೆ ತಗಲುವ ಲಾಡಿಹುಳುವಿನ ಬಿಡಿತುಂಡು ತಲೆಯ ಹಂಗಿಲ್ಲದೆ ತಾನೇ ತೆವಳುವುದು ಇದರಿಂದಲೇ.

ನರಗಳ ಭಾಷೆಯಲ್ಲಿ ಅಸಿಟೈಲ್‌ಕೋಲೀನ್, ಸಿರೋಟೊನಿನ್ ಇವೆರಡೇ ಅಕ್ಷರಗಳಲ್ಲ. ಪೆಪ್ಟೈಡುಗಳೆಂಬ ದೊಡ್ಡ ಅಕ್ಷರಮಾಲೆಯೇ ಇದೆ. ಚಪ್ಪಟೆಹುಳುಗಳಲ್ಲಿ ಅಂಥ ಒಂದು ಪೆಪ್ಟೈಡಿನ ರಚನೆಯನ್ನು ಮೊಟ್ಟಮೊದಲು ಪೂರ್ತಿಯಾಗಿ ಓದಿದ್ದು ೧೯೯೧ರಲ್ಲಿ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ಮೂವತ್ತೊಂಬತ್ತು ಅಮೈನೊ ಆಮ್ಲಗಳ ಆ ಸರಪಳಿಯನ್ನು ಪಡೆದದ್ದು ಬೇರಾವ ವಿಚಿತ್ರ ಪ್ರಾಣಿಯಿಂದಲೂ ಅಲ್ಲ. ಚನ್ನರಾಯಪಟ್ಟಣದ ಕುರುಬರಿಗೆ ಕುರಿಯ ಹಿಕ್ಕೆಯಲ್ಲಿ ಅಕ್ಕಿಕಾಳಿನಂತೆ ಕಾಣುವ ಆ ಮೊನಿಯೇಜಿಯದಿಂದ. ಮನುಷ್ಯನ ಮಿದುಳಿನಲ್ಲಿ ಹಸಿವನ್ನು ಕೆರಳಿಸುವ ಪೆಪ್ಟೈಡೊಂದಕ್ಕೂ ಅದಕ್ಕೂ ಬಂಧುತ್ವವಿದೆ ಎಂದು ತಿಳಿದುಬಂದಿದೆ.

ಕುರಿಹಟ್ಟಿಯ ಇನ್ನೊಂದು ಸಂಕಟವನ್ನು ಇಲ್ಲಿ ಹೇಳದೆ ಬಿಡಲಾಗದು. ಮಂದೆಯ ಒಂದು ಕುರಿ ಒಮ್ಮೆಲೇ ತಲೆ ಓರೆ ಮಾಡಿ, ಒಂದೇ ದಿಕ್ಕಿಗೆ ಸುತ್ತತೊಡಗುತ್ತದೆ. ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ, ಮೇವು ಬಿಡುತ್ತದೆ. ನಾಯಿಯ ಕರುಳಿನಲ್ಲಿರುವ ಒಂದು ಲಾಡಿಹುಳುವಿನ ಮೊಟ್ಟೆ ಹುಲ್ಲಿನ ಮೂಲಕ ಕುರಿಗೆ ಹೋಗಿ, ಮಿದುಳಿನಲ್ಲಿ ನೀರುಗುಳ್ಳೆಯಾಗಿ ಬೆಳೆದಿರುತ್ತದೆ. ಕೋಳಿಮೊಟ್ಟೆಯಷ್ಟಾಗುವ ಆ ಗುಳ್ಳೆಯ ಒಳಗೋಡೆಯಲ್ಲಿ ನೂರಾರು ಪುಟ್ಟ ತಲೆಗಳಿರುತ್ತವೆ. ಪ್ರತಿಯೊಂದು ತಲೆಯೂ ಮುಂದೊಂದು ದಿನ ನಾಯಿಯ ಕರುಳಿನಲ್ಲಿ ಒಂದೊಂದು ಹುಳುವಾಗಿ, ತನ್ನದೇ ನರಗಂಟುಗಳಿಂದ ಬದುಕಬೇಕಾದದ್ದು. ಕುರಿಯ ಒಂದು ಮಿದುಳನ್ನು ಒತ್ತಿ ಕೆಡಿಸಿ ಇಷ್ಟೊಂದು ಮಿದುಳುಗಳು ಕಾದು ಕುಳಿತಿರುತ್ತವೆ! ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆಯುವ ಅಭ್ಯಾಸ ಇರುವವರೆಗೆ ಅವು ಕಾದದ್ದು ವ್ಯರ್ಥವಾಗುವುದಿಲ್ಲ. ಅದನ್ನು ಹೂಳುವುದಕ್ಕೂ ಸುಡುವುದಕ್ಕೂ ಖರ್ಚೇನೂ ಇಲ್ಲ.

ಗೊರಕೆ ಹೊಡೆಯುವ ಎತ್ತು

ಅರಕಲಗೂಡು ತಾಲ್ಲೂಕಿಗೆ ಹೇಮಾವತಿಯ ನೀರೂ ಉಂಟು, ಕಾವೇರಿಯ ನೀರೂ ಉಂಟು. ರಾಮನಾಥಪುರದ ಜಾತ್ರೆಗೆ ಬರುವ ಹಳ್ಳಿಕಾರ್ ಜೋಡಿಗಳನ್ನು ನೋಡಿ ಬೆಲೆ ಕಟ್ಟುವ ಅನುಭವಿ ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ. ಉಸಿರಿನ ಸದ್ದನ್ನೂ ಕೇಳಿದರೆ ಒಳ್ಳೆಯದು. ನಿಂತಲ್ಲಿಯೇ ಗೊರಗೊರನೆ ಸದ್ದು ಮಾಡುವ ಎತ್ತು ನೇಗಿಲಿಗೆ ಕಟ್ಟಿದರೆ ನಾಲ್ಕು ಸಾಲಿಗೆ ಏದುಸಿರು ಬಿಡುತ್ತದೆ. ಮೂಗಿನ ಹೊಳ್ಳೆಯ ಒಳಗೆ ಹೂಕೋಸಿನಂಥ ಗಡ್ಡೆಗಳು ಬೆಳೆದು ಉಸಿರಿನ ದಾರಿಯನ್ನು ಮುಚ್ಚಿರುತ್ತವೆ. ಮದರಾಸಿನ ಪಶುವೈದ್ಯ ಕಾಲೇಜಿನ ಅನಂತನಾರಾಯಣರಾವ್ ಅವರು ೧೯೩೩ರಲ್ಲಿ ವರ್ಣಿಸಿದ ಶಿಸ್ಟೊಸೋಮ ನೇಸೇಲ್ ಎಂಬ ಚಪ್ಪಟೆಹುಳು ಇದಕ್ಕೆ ಕಾರಣ. ಹೆಸರಿಗೆ ಚಪ್ಪಟೆಹುಳುಗಳ ವರ್ಗವಾದರೂ ಇದು ಎಲೆಯಂತಿರದೆ ದಾರದ ಎಳೆಯಂತಿದೆ. ಉದ್ದ ಒಂದು ಸೆಂಟಿಮೀಟರಿನಷ್ಟು. ಗಂಡು ತನ್ನ ಮೈಯ ಮಡಿಕೆಯಲ್ಲಿ ಹೆಣ್ಣನ್ನು ಹಿಡಿದುಕೊಂಡು ಮೂಗಿನ ರಕ್ತನಾಳದಲ್ಲಿ ಸಂಸಾರ ಹೂಡುತ್ತದೆ. ಕೆರೆಗೆ ಇಳಿದ ದನದ ಚರ್ಮವನ್ನೇ ಕೊರೆದು ಒಳಹೊಗುವ ಇದಕ್ಕೂ ಬಸವನಹುಳುವೇ ತವರು.

ಇದಕ್ಕೆ ಬಹುಕಾಲ ಕೊಡುತ್ತಿದ್ದದ್ದು ಆಂಟಿಮನಿ ಕೂಡಿದ ಚುಚ್ಚುಮದ್ದು. ಆ ವಿಷ ಹುಳುವಿಗೆ ತಾಗಿ ದನಕ್ಕೆ ಅಷ್ಟಾಗಿ ತಾಗದಿರುವುದೇಕೆಂಬುದನ್ನು ಈ ಹುಳುವಿನ ಆಫ್ರಿಕದ ಬಂಧುವೊಂದರಲ್ಲಿ ಪರೀಕ್ಷಿಸಿ ತಿಳಿದವರಲ್ಲಿ ಒಬ್ಬನು ಮತ್ತೆ ಅದೇ ಮನ್ಸೂರ್. ಸಕ್ಕರೆಯನ್ನು ಒಡೆಯುವ ಒಂದು ಕಿಣ್ವ ಎರಡು ಕಡೆಯೂ ಇದೆ. ಹುಳುವಿನ ಕಿಣ್ವ ಮಾತ್ರ ಆಂಟಿಮನಿಗೆ ಬಲುಬೇಗ ಸೋಲುತ್ತದೆ. ೧೯೫೪ರ ಈ ಶೋಧದಲ್ಲಿಯೂ ಔಷಧಿ ನಿಂತಿರುವುದು ಎರಡು ಕಿಣ್ವಗಳ ನಡುವಣ ಸಣ್ಣ ಅಂತರದ ಮೇಲೆ.

೧೯೭೦ರ ದಶಕದಲ್ಲಿ ಬಂದ ಪ್ರಾಜಿಕ್ವಾಂಟೆಲ್ ಈ ಕತೆಯನ್ನು ಬೇರೆ ಹಾದಿಗೆ ತಿರುಗಿಸಿತು. ಈ ಮದ್ದು ಸೋಕಿದ ರಕ್ತನಾಳದ ಹುಳು ಕ್ಷಣಮಾತ್ರದಲ್ಲಿ ಸೆಟೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಒಳನುಗ್ಗಿ ಸ್ನಾಯು ಬಿಗಿದು ಬಿಡದೆ ನಿಲ್ಲುತ್ತದೆ. ಲಾಡಿಹುಳುವಿನ ಗತಿಯೂ ಅದೇ. ಆದರೆ ಈಲಿಯ ಹುಳುವಿಗೆ ಮಾತ್ರ ಇದು ತಟ್ಟುವುದೇ ಇಲ್ಲ. ಕೋಟಿಗಟ್ಟಲೆ ಜನ ಈ ಮದ್ದನ್ನು ನುಂಗಿದ್ದರೂ ಅದು ಹುಳುವಿನ ಯಾವ ಬಾಗಿಲನ್ನು ತಟ್ಟುತ್ತದೆಂಬುದು ತಿಳಿದದ್ದು ೨೦೧೯ರಲ್ಲಿ. ಈಲಿಹುಳು ಏಕೆ ಜಗ್ಗುವುದಿಲ್ಲವೆಂಬುದು ೨೦೨೧ರಲ್ಲಿ ತಿಳಿಯಿತು. ಆ ಬಾಗಿಲು ಈಲಿಹುಳುವಿನಲ್ಲಿಯೂ ಇದೆ. ಮದ್ದು ಕೂರುವ ಜಾಗದಲ್ಲಿ ಒಂದು ಅಮೈನೊ ಆಮ್ಲ, ಒಂದೇ ಒಂದು, ಬೇರೆಯಾಗಿದೆ. ಬೀಗ ಇದೆ, ಬೀಗದ ಕೈ ಇದೆ. ಒಂದು ಹಲ್ಲು ಕೂರುವುದಿಲ್ಲ.

ದುಂಡುಹುಳುಗಳಿಗೆ ಹೆಸರಾದ ಐವರ್ಮೆಕ್ಟಿನ್ನೂ ಹೀಗೆಯೇ ಚಪ್ಪಟೆಹುಳುಗಳ ಹತ್ತಿರ ಸುಳಿಯದು. ಅಂಗಡಿಯಲ್ಲಿ "ಹುಳದ ಔಷಧಿ" ಎಂದಷ್ಟೇ ಕೇಳಿ ತಂದು ಕುಡಿಸಿ, ಹುಳು ಸತ್ತಿತೆಂದು ನಂಬಿದ ಮನೆಗಳಲ್ಲಿ ಹಸು ಸೊರಗುತ್ತಲೇ ಇರುತ್ತದೆ. ಈಲಿಹುಳುವಿಗೆ ಆಕ್ಸಿಕ್ಲೋಜನೈಡ್, ಟ್ರೈಕ್ಲಬೆಂಡಜೋಲ್ ಮುಂತಾದ ಬೇರೆ ಮದ್ದುಗಳುಂಟು. ಅವು ನರದ ಬಾಗಿಲಿಗೆ ಹೋಗದೆ ಬೇರೆ ಕಡೆಗಳಿಂದ ಪೆಟ್ಟು ಕೊಡುತ್ತವೆ. ಸಗಣಿಯ ಪರೀಕ್ಷೆಯಲ್ಲಿ ಮೊಟ್ಟೆಯ ರೂಪ ನೋಡಿ, ಮೂಗಿನ ಸಿಂಬಳದಲ್ಲಿ ಬಿಲ್ಲಿನಂತೆ ಬಾಗಿದ ಮೊಟ್ಟೆ ಇದೆಯೇ ನೋಡಿ, ಆಮೇಲೆ ಮದ್ದು ಬರೆಯುವ ವೈದ್ಯರು ಕೆಲವೊಮ್ಮೆ ಒಂದೇ ಹಸುವಿಗೆ ಎರಡು ಹೆಸರು ಬರೆಯಬೇಕಾಗುತ್ತದೆ.

"ಹುಳ ಅಂದ್ಮೇಲೆ ಹುಳವೇ ಅಲ್ವಾ ಡಾಕ್ಟ್ರೇ, ಒಂದ್ರಲ್ಲೇ ಎರಡೂ ಸಾಯಾಕಿಲ್ವಾ?" ಎಂದು ಚೀಟಿ ಹಿಡಿದ ರೈತ ಕೇಳುತ್ತಾನೆ.

"ಇಲ್ಲಪ್ಪ, ಎರಡನ್ನೂ ತಗೊಂಡು ಹೋಗು. ಬೆಳಿಗ್ಗೆ ನಾಲೆ ಪಕ್ಕದ ಹುಲ್ಲು ಮಾತ್ರ ಮೇಯಿಸಬೇಡ."